ಸಿ44.311

ನನ್ನದು ಮೆಡಿಕಲ್ ಕೋಡಿಂಗ್ ಕೆಲಸ. ಅಮೆರಿಕದ ಡಾಕ್ಟರುಗಳು ಬರೆದಿಟ್ಟ ಟಿಪ್ಪಣಿಗಳನ್ನು ಓದಿ ಪ್ರತಿ ಕಾಯಿಲೆಗೂ ಪ್ರತಿ ಚಿಕಿತ್ಸೆಗೂ ಒಂದೊಂದು ಸಂಖ್ಯೆ ಹಾಕಬೇಕು. ಆ ಸಂಖ್ಯೆ ನೋಡಿ ಅಲ್ಲಿನ ವಿಮಾ ಕಂಪನಿ ದುಡ್ಡು ಕೊಡುತ್ತದೆ. ಆಫೀಸು ತರಮಣಿಯಲ್ಲಿ, ರೂಮು ತ್ರಿಪ್ಲಿಕೇನಿನ ಒಂದು ಹಳೆಯ ಮ್ಯಾನ್ಶನ್ನಿನಲ್ಲಿ. ತಿರುವಲ್ಲಿಕೇಣಿ ಸ್ಟೇಶನ್ನಿನಲ್ಲಿ ಎಂಆರ್‌ಟಿಎಸ್ ಹತ್ತಿ ಹೋಗುತ್ತೇನೆ, ಅದರಲ್ಲೇ ಬರುತ್ತೇನೆ.

ನನ್ನ ಪಾಲಿಗೆ ಬಂದದ್ದು ಚರ್ಮರೋಗ ವಿಭಾಗ. ಅಲ್ಲಿ ನಾನು ಅತಿ ಹೆಚ್ಚು ಸಲ ಟೈಪು ಮಾಡಿದ ಸಂಖ್ಯೆಗಳಲ್ಲಿ ಒಂದು ಸಿ44.311. ಅಂದರೆ ಮೂಗಿನ ಚರ್ಮದ ಬೇಸಲ್ ಸೆಲ್ ಕಾರ್ಸಿನೋಮ. ಬಿಳಿಯರಲ್ಲಿ ಇದು ಅತ್ಯಂತ ಸಾಮಾನ್ಯವಾದ ಕ್ಯಾನ್ಸರ್. ಎಷ್ಟು ಸಾಮಾನ್ಯವೆಂದರೆ ಅಮೆರಿಕದ ಕ್ಯಾನ್ಸರ್ ನೋಂದಣಿಗಳು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬೇರೆ ಅಂಗಗಳಿಗೆ ಹರಡುವುದು ತೀರಾ ಅಪರೂಪ. ಆದರೆ ಇದ್ದ ಜಾಗದಲ್ಲೇ ನಿಧಾನವಾಗಿ ಚರ್ಮ, ಮೃದ್ವಸ್ಥಿ, ಕೊನೆಗೆ ಮೂಳೆಯನ್ನೂ ತಿನ್ನುತ್ತಾ ಹೋಗುತ್ತದೆ. 1827ರಲ್ಲಿ ಡಬ್ಲಿನ್ನಿನ ಕಣ್ಣಿನ ಡಾಕ್ಟರ್ ಆರ್ಥರ್ ಜೇಕಬ್ ಇದನ್ನು ಮೊದಲು ವಿವರಿಸಿದರು. ಇಲಿ ಕಚ್ಚಿ ತಿಂದಂತೆ ಕಾಣುವುದರಿಂದ ‘ರೋಡೆಂಟ್ ಅಲ್ಸರ್’ ಎಂಬ ಹೆಸರೂ ಇದಕ್ಕೆ ಬಂತು.

ಇಷ್ಟೆಲ್ಲ ಗೊತ್ತಿತ್ತು ನನಗೆ. ಗೊತ್ತಿದ್ದೂ ಮೂರು ವರ್ಷ ಅದರ ಎದುರು ಕೂತು ಊಟ ಮಾಡಿದೆ.

ನಾವು ಐದಾರು ಮಂದಿ ಕನ್ನಡದ ಹುಡುಗರು ಊಟಕ್ಕೆ ಹೋಗುವುದು ಒಂದು ಸಣ್ಣ ಮೆಸ್ಸಿಗೆ. ಅದನ್ನು ನಡೆಸುವವರು ಕೋಟದ ಕಡೆಯವರು. ನಮಗೆಲ್ಲ ಅವರು ಮಾವ. ಅವರಿಗೆ ನಾವೆಲ್ಲ ಮಾಣಿಗಳು. ಮೆಸ್ಸು ಶುರು ಮಾಡುವುದಕ್ಕೆ ಮೊದಲು ಹದಿನೈದು ವರ್ಷ ಸೈಕಲ್ಲಿನಲ್ಲಿ ಮದ್ರಾಸಿನ ಬೀದಿ ಬೀದಿ ಸುತ್ತಿ ಹಪ್ಪಳ, ಸಂಡಿಗೆ ಮಾರಿದವರು. ಅವರ ಮೂಗಿನ ಬಲಗಡೆ, ಕನ್ನಡಕ ಕೂರುವ ಜಾಗದಲ್ಲಿ, ಮೆಣಸಿನ ಕಾಳಿನಷ್ಟು ದೊಡ್ಡ ಹೊಳೆಯುವ ಕಪ್ಪು ಮಚ್ಚೆಯಿತ್ತು. ಹುಟ್ಟು ಮಚ್ಚೆಯೆಂದೇ ನಾನು ತಿಳಿದಿದ್ದೆ.

ಒಂದು ಭಾನುವಾರ ಸಾರು ಬಡಿಸುತ್ತಿದ್ದವರು ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಂಡರು. ಬೈರಾಸಿನ ಮೇಲೆ ರಕ್ತದ ಗೆರೆ.

“ಎಂತ ಮಾವ ಅದು?”

“ಎಂತದೂ ಇಲ್ಲೆ ಮಾಣಿ. ಕನ್ನಡಕ ಒತ್ತಿ ಆದ್ ಗಾಯ. ಗುಣ ಆತ್ತ್, ಮತ್ತೆ ರಕ್ತ ಬತ್ತ್. ಎರಡ್ ವರ್ಷ ಆಯ್ತ್.”

ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ರಕ್ತ ಬರುತ್ತದೆ, ಹೆಕ್ಕಳೆ ಕಟ್ಟುತ್ತದೆ, ವಾಸಿಯಾದಂತೆ ಕಾಣುತ್ತದೆ, ಮತ್ತೆ ರಕ್ತ ಬರುತ್ತದೆ. ಅಮೆರಿಕದ ಎಷ್ಟೋ ಅಪರಿಚಿತರ ಟಿಪ್ಪಣಿಗಳಲ್ಲಿ ನಾನು ದಿನವೂ ಓದುತ್ತಿದ್ದ ವಾಕ್ಯ ಅದು.

ಯಾಕೆ ಹೊಳೆಯಲಿಲ್ಲ ಎಂದು ಆಮೇಲೆ ಯೋಚಿಸಿದೆ. ನಾನು ಓದುವ ಟಿಪ್ಪಣಿಗಳಲ್ಲಿ ಆ ಗಂಟು ಯಾವಾಗಲೂ ಗುಲಾಬಿ ಬಣ್ಣದ್ದು, ಮುತ್ತಿನಂತೆ ಹೊಳೆಯುವಂಥದ್ದು. ತರಬೇತಿಯಲ್ಲಿ ತೋರಿಸಿದ ಚಿತ್ರಗಳೂ ಬಿಳಿ ಚರ್ಮದವೇ. ನಮ್ಮಂಥವರ ಚರ್ಮದಲ್ಲಿ ಈ ಕ್ಯಾನ್ಸರ್ ಬರುವುದು ಕಡಿಮೆ, ಮೆಲನಿನ್ ಒಂದಷ್ಟು ಕಾಯುತ್ತದೆ. ಬಂದಾಗ ಮಾತ್ರ ಬಹಳ ಸಲ ಕಪ್ಪಾಗಿಯೇ ಬರುತ್ತದೆ. ಮಚ್ಚೆಯ ವೇಷ ಹಾಕಿಕೊಂಡು ಕೂತಿರುತ್ತದೆ. ಮಾವ ಈ ಮೊದಲೇ ಒಬ್ಬ ಡಾಕ್ಟರಿಗೆ ತೋರಿಸಿದ್ದರಂತೆ. ಅವರೂ ಒಂದು ಮುಲಾಮು ಕೊಟ್ಟು ಕಳಿಸಿದ್ದರಂತೆ.

ಹೇಗೋ ಒಪ್ಪಿಸಿ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಡರ್ಮೋಸ್ಕೋಪ್ ಹಿಡಿದು ನೋಡಿದರು. ಅದು ಬೆಳಕು ಬಿಡುವ ಭೂತಗನ್ನಡಿ ಅಷ್ಟೆ. “ನೀವೂ ನೋಡಿ” ಎಂದು ಪರದೆಯ ಮೇಲೆ ತೋರಿಸಿದರು. ಬೂದು ನೀಲಿಯ ಮೊಟ್ಟೆಯಾಕಾರದ ಗುಂಪುಗಳು, ಅವುಗಳ ಮೇಲೆ ಮರದ ಕೊಂಬೆಯಂತೆ ಕವಲೊಡೆದ ಕೆಂಪು ರಕ್ತನಾಳಗಳು. ಖಚಿತಪಡಿಸಲು ಬಯಾಪ್ಸಿ ಬೇಕೇ ಬೇಕು ಎಂದು ಚೂರು ಚರ್ಮ ತೆಗೆದರು. ವರದಿ ಬಂತು: ಬೇಸಲ್ ಸೆಲ್ ಕಾರ್ಸಿನೋಮ. ಜೀವಕೋಶಗಳ ಗುಂಪಿನ ಅಂಚಿನಲ್ಲಿ ಕೋಶಕೇಂದ್ರಗಳು ಬೇಲಿಯ ಗೂಟದಂತೆ ಸಾಲಾಗಿ ನಿಂತಿವೆ ಎಂಬ ವಿವರವೂ ಇತ್ತು. ಆ ಸಾಲುಗಳನ್ನು ನಾನು ಎಷ್ಟೋ ಸಲ ಓದಿದ್ದೆ. ಈ ಸಲ ಮೇಲೆ ಇದ್ದ ಹೆಸರು ಗೊತ್ತಿದ್ದವರದ್ದು.

ಮಾವ ಹೆದರಿದ್ದು ಕಾಯಿಲೆಗಲ್ಲ. “ಕ್ಯಾನ್ಸರ್ ಅಂತ ಗೊತ್ತಾರೆ ನನ್ ಕೈಯಾರೆ ಬಡ್ಸಿದ್ ಯಾರ್ ಉಣ್ತ್ರ್ ಮಾಣಿ?” ಎಂದರು. ಇದು ಅಂಟುರೋಗವಲ್ಲ ಎಂದು ಡಾಕ್ಟರು ಮೂರು ಸಲ ಹೇಳಿದರು. ಮಾವ ತಲೆಯಾಡಿಸಿದರು, ನಂಬಲಿಲ್ಲ. ಆಪರೇಶನ್ ಆದರೆ ಮುಖದ ಮೇಲೆ ಗುರುತು ಉಳಿಯುತ್ತದೆ, ಎಲ್ಲರೂ ಕೇಳುತ್ತಾರೆ. ಹಾಗಾಗಿ ಅವರದ್ದು ಒಂದೇ ಪ್ರಶ್ನೆ: ಮುಲಾಮಿನಲ್ಲಿ ಆಗುವುದಿಲ್ಲವೇ?

ಪ್ರಶ್ನೆ ದಡ್ಡತನದ್ದಲ್ಲ. ಇಮಿಕ್ವಿಮಾಡ್ ಎಂಬ ಮುಲಾಮು ಇದೆ. ಬ್ರಿಟನ್ನಿನಲ್ಲಿ 501 ಜನರನ್ನು ಎರಡು ಗುಂಪು ಮಾಡಿ ಇದನ್ನೇ ಪರೀಕ್ಷಿಸಿದ್ದಾರೆ. ಐದು ವರ್ಷದ ಲೆಕ್ಕದಲ್ಲಿ ಮುಲಾಮು ಹಚ್ಚಿದವರಲ್ಲಿ ಯಶಸ್ಸು ಶೇಕಡಾ 82.5, ಕತ್ತರಿಸಿ ತೆಗೆದವರಲ್ಲಿ ಶೇಕಡಾ 97.7. ಅದೂ ಕಡಿಮೆ ಅಪಾಯದ ಜಾಗಗಳಲ್ಲಿದ್ದ ಗಂಟುಗಳಿಗೆ. ಮೂಗು, ಕಣ್ಣು, ಕಿವಿಯ ಸುತ್ತಲಿನ ಜಾಗ ಹಾಗಲ್ಲ. ಅಲ್ಲಿ ಬೇರು ಸ್ವಲ್ಪ ಉಳಿದರೂ ಮತ್ತೆ ಬರುತ್ತದೆ. ನೆದರ್ಲೆಂಡ್ಸಿನ ಇನ್ನೊಂದು ಅಧ್ಯಯನ ಮುಖದ ಗಂಟುಗಳನ್ನು ಹತ್ತು ವರ್ಷ ಹಿಂಬಾಲಿಸಿತು. ಒಮ್ಮೆ ಮರುಕಳಿಸಿದ ಗಂಟುಗಳಲ್ಲಿ, ಮಾಮೂಲಿ ಆಪರೇಶನ್ ಆದ ಮೇಲೆ ಮತ್ತೆ ಬಂದದ್ದು ಶೇಕಡಾ 13.5, ಮೋಸ್ ವಿಧಾನದಲ್ಲಿ ಶೇಕಡಾ 3.9. ಅಮೆರಿಕದ ಫ್ರೆಡರಿಕ್ ಮೋಸ್ ಎಂಬ ಡಾಕ್ಟರು 1930ರ ದಶಕದಲ್ಲಿ ಶುರು ಮಾಡಿದ ವಿಧಾನ ಅದು. ಒಂದು ತೆಳು ಪದರ ತೆಗೆಯುವುದು, ರೋಗಿ ಕಾಯುತ್ತಿರುವಾಗಲೇ ಅದರ ಅಂಚನ್ನೆಲ್ಲ ಸೂಕ್ಷ್ಮದರ್ಶಕದಲ್ಲಿ ನೋಡುವುದು, ಉಳಿದಿರುವ ಕಡೆ ಮಾತ್ರ ಮತ್ತೆ ತೆಗೆಯುವುದು. ಅದರ ಕೋಡ್ 17311, ಅದೂ ನನಗೆ ಬಾಯಿಪಾಠ. ಆದರೆ ನಮ್ಮ ದೇಶದಲ್ಲಿ ಅದನ್ನು ಕಲಿತವರು ವಿರಳ.

ಈ ಲೆಕ್ಕವನ್ನೆಲ್ಲ ನಾನು ಮೆಸ್ಸಿನ ಬಿಲ್ ಪುಸ್ತಕದ ಹಿಂದೆ ಬರೆದು ತೋರಿಸಿದೆ. ಮಾವ ವ್ಯಾಪಾರಸ್ಥರು, ಕ್ಯಾನ್ಸರಿನ ಮಾತಿಗೆ ಬಗ್ಗದವರು ಲೆಕ್ಕಕ್ಕೆ ಬಗ್ಗಿದರು. “ಮೊದಲ್ನೇ ಸಲವೇ ಪೂರ್ತಿ ತೆಗಿಲಿ ಹಾಂಗಾರೆ” ಎಂದರು.

ಡಾಕ್ಟರು ಸುತ್ತ ಕೆಲವು ಮಿಲಿಮೀಟರು ಒಳ್ಳೆಯ ಚರ್ಮವನ್ನೂ ಸೇರಿಸಿ ಕತ್ತರಿಸಿದರು, ಆ ಹೊತ್ತಿಗೇ ಅಂಚುಗಳನ್ನು ಲ್ಯಾಬಿಗೆ ಕಳಿಸಿ ನೋಡಿಸಿದರು. ಒಂದು ಕಡೆ ಉಳಿದಿತ್ತು, ಮತ್ತೆ ತೆಗೆದರು. ಕೆನ್ನೆಯ ಚರ್ಮ ಸರಿಸಿ ಮುಚ್ಚಿದರು. ವಾರದ ಮೇಲೆ ಕೊನೆಯ ವರದಿಯಲ್ಲಿ ‘ಅಂಚುಗಳು ರೋಗಮುಕ್ತ’ ಎಂದಿತ್ತು. ಅದನ್ನು ಮಾವನಿಗೆ ಓದಿ ಹೇಳುವಾಗ ನನ್ನ ಗಂಟಲು ಕಟ್ಟಿತು.

ಮೆಸ್ಸು ಹದಿನೆಂಟು ದಿನ ಮುಚ್ಚಿತ್ತು. ತೆರೆದ ದಿನ ಮಾವ ಮೂಗಿನ ಪಕ್ಕ ಪಟ್ಟಿ ಹಾಕಿಕೊಂಡೇ ಬಡಿಸಿದರು. ಯಾರೋ ಕೇಳಿದರು. ಮಾವ ನನ್ನ ಕಡೆ ಒಮ್ಮೆ ನೋಡಿ, “ಕ್ಯಾನ್ಸರ್ ಇತ್ತ್, ತೆಗ್ಸಿದೆ” ಎಂದು ಹೇಳಿ ಮುಂದಿನ ಎಲೆಗೆ ಹೋದರು. ಕೇಳಿದವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಇನ್ನೊಂದು ಸಲ ಸಾರು ಹಾಕಿಸಿಕೊಂಡ. ಇಬ್ಬರು ಮಾತ್ರ ಮರುದಿನದಿಂದ ಬರಲಿಲ್ಲ. ಮಾವ ಅವರ ಹೆಸರು ಎತ್ತುವುದಿಲ್ಲ.

ನಾನು ಈಗಲೂ ದಿನಕ್ಕೆ ಹಲವು ಸಲ ಸಿ44.311 ಟೈಪು ಮಾಡುತ್ತೇನೆ. ಮಾವ ಆರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರುತ್ತಾರೆ. ಒಮ್ಮೆ ಬಂದವರಿಗೆ ಬೇರೆ ಕಡೆ ಹೊಸದು ಬರುವ ಸಾಧ್ಯತೆ ಹೆಚ್ಚು. ಊರಿಗೆ ಫೋನು ಮಾಡಿದಾಗ ಅಪ್ಪ ಅಮ್ಮನ ಹತ್ತಿರ ಸಕ್ಕರೆ, ಬಿಪಿ ಕೇಳಿದ ಮೇಲೆ, ವಾಸಿಯಾಗದ ಗಾಯ ಏನಾದರೂ ಇದೆಯಾ ಎಂದೂ ಕೇಳುವುದನ್ನು ರೂಢಿ ಮಾಡಿಕೊಂಡಿದ್ದೇನೆ. ನೀವೂ ಕೇಳಿ.

ಮಾವ ಮಾತ್ರ ನನ್ನನ್ನು ಪೂರಾ ಡಾಕ್ಟರನನ್ನಾಗಿ ಮಾಡಿಬಿಟ್ಟಿದ್ದಾರೆ. ಮೊನ್ನೆ ಬೀದಿಯ ಇಸ್ತ್ರಿಯವರನ್ನು ಕರೆದುಕೊಂಡು ಬಂದು ನನ್ನ ಎದುರು ಕೂರಿಸಿದರು. “ಮಾಣಿ, ಇವ್ರ ಕಿವಿ ಹಿಂದೆ ಒಂಚೂರ್ ಕಾಣ್.” ಕಂಡೆ. ನನಗೆ ಗೊತ್ತಾಗುವುದಿಲ್ಲ, ಡಾಕ್ಟರಿಗೇ ತೋರಿಸಬೇಕು ಎಂದೆ. ಮೂವರೂ ಹೋಗಿ ತೋರಿಸಿದೆವು. ಬರೀ ವಯಸ್ಸಿನ ಗುಳ್ಳೆಯಂತೆ, ಏನೂ ಮಾಡಬೇಕಿಲ್ಲವಂತೆ. ವಾಪಸು ಬರುವಾಗ ಮಾವ ಮೂವರಿಗೂ ಕಾಫಿ ಕೊಡಿಸಿದರು.