ಹೆಸರು ಹೇಳದ ಕಾರ್ಡು

ಟಿವಿ ಟ್ಯೂನರ್ ಕಾರ್ಡು ಎಂಬ ಉಪಕರಣವನ್ನು ಇಂದಿನ ತಲೆಮಾರು ಕಂಡಿರಲಾರದು. ಗಣಕದೊಳಗಿನ ಪಿಸಿಐ ಸ್ಲಾಟಿನಲ್ಲಿ ಅದನ್ನು ಕೂರಿಸಿ, ಹಿಂಬದಿಗೆ ಕೇಬಲ್ ತಂತಿ ಸಿಕ್ಕಿಸಿದರೆ ಪರದೆಯ ಮೇಲೆ ಟಿವಿ ವಾಹಿನಿಗಳು ಮೂಡುತ್ತಿದ್ದವು. ಪುಣೆಯ ನಮ್ಮ ಪುಟ್ಟ ಮನೆಯಲ್ಲಿ ಬೇರೆ ಟಿವಿಗೆ ಜಾಗವಿರಲಿಲ್ಲ. ಧಾರವಾಡದಿಂದ ಬಂದು ನಮ್ಮೊಡನೆ ನೆಲೆಸಿದ ಅವ್ವನಿಗೆ ಮರಾಠಿ ಬಾರದು. ನಮ್ಮ ಬಡಾವಣೆಯ ಕೇಬಲ್ಲಿನಲ್ಲಿ ಬರುತ್ತಿದ್ದ ಒಂದೇ ಕನ್ನಡ ವಾಹಿನಿ ಚಂದನ. ಹಾಗಾಗಿ ಲಿನಕ್ಸ್ ಇದ್ದ ನನ್ನ ಗಣಕಕ್ಕೆ ಅಗ್ಗದ ಕಾರ್ಡೊಂದನ್ನು ತಂದೆ. ಪರದೆ ನೀಲಿಯಾಗಿಯೇ ಉಳಿಯಿತು. ‘ಕಾರ್ಡೇ ಕೆಟ್ಟಿರಬೇಕು’ ಎಂದ ಅಂಗಡಿಯವನು.

ಕೆಟ್ಟಿದೆ ಎನ್ನುವುದು ಕೊನೆಯ ತೀರ್ಪಾಗಬೇಕು, ಮೊದಲನೆಯದಲ್ಲ. ಗಣಕಕ್ಕೆ ಕಾರ್ಡು ಕಾಣುತ್ತಿದೆಯೇ ಎಂಬುದು ಮೊದಲ ಪ್ರಶ್ನೆ. ಎಲ್‌ಎಸ್‌ಪಿಸಿಐ ಆಜ್ಞೆಯ ಪಟ್ಟಿಯಲ್ಲಿ ಬಿಟಿ878 ಚಿಪ್ಪಿನ ಹೆಸರಿತ್ತು. ಸ್ಲಾಟೂ ಸಂಪರ್ಕವೂ ಸರಿಯಿದ್ದವು. ಇಲ್ಲದಿದ್ದರೆ ಕಾರ್ಡನ್ನು ಕಳಚಿ, ಅಂಚಿನ ಚಿನ್ನದ ಬಣ್ಣದ ಪಟ್ಟಿಗಳನ್ನು ಒರೆಸಿ, ಬೇರೆ ಸ್ಲಾಟಿಗೆ ಹಾಕಿ ನೋಡಬೇಕಾಗುತ್ತಿತ್ತು. ಡ್ರೈವರ್ ಆ ಕಾರ್ಡನ್ನು ಏನೆಂದು ತಿಳಿದಿದೆ ಎಂಬುದು ಎರಡನೆಯ ಪ್ರಶ್ನೆ. ಕರ್ನಲ್ ಬರೆದಿಡುವ ಸಾಲುಗಳಲ್ಲಿ ಬಿಟಿಟಿವಿ ಡ್ರೈವರ್ ಅದನ್ನು ‘ಅಜ್ಞಾತ’ ಎಂದು ದಾಖಲಿಸಿ, ಸೊನ್ನೆ ಸಂಖ್ಯೆ ಕೊಟ್ಟಿತ್ತು.

ಕಾರಣ ಸರಳ. ಒಂದೇ ಚಿಪ್ಪನ್ನು ಹತ್ತಾರು ತಯಾರಕರು ಬಳಸುತ್ತಿದ್ದರು. ಅದರ ಸುತ್ತಲಿನ ಟ್ಯೂನರ್, ಧ್ವನಿಯ ಜೋಡಣೆ ಮಾತ್ರ ಕಾರ್ಡಿನಿಂದ ಕಾರ್ಡಿಗೆ ಬೇರೆ. ತನ್ನ ಗುರುತನ್ನು ತಿಳಿಸಲು ಕಾರ್ಡಿನಲ್ಲೊಂದು ಸಣ್ಣ ಸ್ಮೃತಿಚಿಪ್ಪು ಇರಬೇಕು. ಅಗ್ಗದ ಕಾರ್ಡುಗಳಲ್ಲಿ ಅದನ್ನೇ ಕೈಬಿಡುತ್ತಿದ್ದರು. ಕರ್ನಲ್ಲಿನ ಜೊತೆಗೆ ಬರುವ ಪಟ್ಟಿಯಲ್ಲಿ ನೂರಕ್ಕೂ ಹೆಚ್ಚು ಕಾರ್ಡುಗಳಿದ್ದವು. ನಮ್ಮದು ಯಾವುದೆಂದು ನಾವೇ ಹೇಳಬೇಕಿತ್ತು.

ಟ್ಯೂನರಿನ ತಗಡಿನ ಡಬ್ಬಿಯ ಮೇಲೆ ಎಫ್‌ಐ1216 ಎಂದು ಬರೆದಿತ್ತು. ಟ್ಯೂನರುಗಳ ಪಟ್ಟಿಯಲ್ಲಿ ಅದರ ಸಂಖ್ಯೆ 5, ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯದು. ಆ ಸಂಖ್ಯೆ ಕೊಟ್ಟು ಡ್ರೈವರನ್ನು ಮತ್ತೆ ಏರಿಸಿದಾಗ ಚಿತ್ರ ಬಂತು, ಧ್ವನಿ ಬರಲಿಲ್ಲ. ಹೆಡ್‌ಫೋನನ್ನು ನೇರವಾಗಿ ಕಾರ್ಡಿಗೇ ಸಿಕ್ಕಿಸಿದೆ; ಅಲ್ಲೂ ಮೌನ. ಅಂದರೆ ತೊಡಕು ಸೌಂಡ್ ಕಾರ್ಡಿನಲ್ಲೂ ಇಲ್ಲ, ನಡುವಿನ ತಂತಿಯಲ್ಲೂ ಇಲ್ಲ. ಕಾರ್ಡಿನೊಳಗೆ ಧ್ವನಿಯ ದಾರಿಯನ್ನು ಬದಲಿಸುವ ಜಾಗದಲ್ಲಿದೆ. ಆ ದಾರಿಯನ್ನು ನಿರ್ಧರಿಸುವುದು ಕಾರ್ಡಿನ ಸಂಖ್ಯೆ. ಡ್ರೈವರನ್ನು ಇಳಿಸುವುದು, ಹೊಸ ಸಂಖ್ಯೆಯೊಡನೆ ಏರಿಸುವುದು, ಕಿವಿಗೊಡುವುದು: ಎರಡು ಸಂಜೆ ಇದೇ ನಡೆಯಿತು. ಮೂರನೆಯ ಸಂಜೆ ವಾರ್ತೆಯ ದನಿ ಹೊರಬಿತ್ತು. ಪಕ್ಕದಲ್ಲೇ ಕುಳಿತಿದ್ದ ಅವ್ವ ಸ್ವಲ್ಪ ಹೊತ್ತು ಕೇಳಿ, ‘ಇದು ಮೈಸೂರು ಕಡೀ ಮಾತು. ಇರ್ಲಿ ಬಿಡು, ನಮ್ದ ಅಲ್ಲೇನು’ ಅಂದಳು.

ಕೇಬಲ್ಲಿನ ಡಿಜಿಟಲೀಕರಣಕ್ಕೆ ಪುಣೆಗೆ ಗೊತ್ತುಪಡಿಸಿದ ಗಡುವು 2013ರ ಮಾರ್ಚ್ 31. ಅನಲಾಗ್ ಸಂಕೇತ ನಿಂತ ಮೇಲೆ ಅದೇ ನೀಲಿ ಪರದೆ ಮರಳಿತು. ಪ್ರಶ್ನೆಗಳನ್ನು ಮತ್ತೆ ಅದೇ ಕ್ರಮದಲ್ಲಿ ಕೇಳಿದೆ. ಸ್ಲಾಟು, ಚಿಪ್ಪು, ಸಂಖ್ಯೆ ಎಲ್ಲವೂ ಸರಿ. ತೊಡಕು ಈ ಬಾರಿ ಮನೆಯೊಳಗೆ ಇರಲೇ ಇಲ್ಲ. ಸೆಟ್‌ಟಾಪ್ ಪೆಟ್ಟಿಗೆಯ ಹಳದಿ ತಂತಿಯನ್ನು ಕಾರ್ಡಿನ ವಿಡಿಯೊ ಕಿಂಡಿಗೆ ಸಿಕ್ಕಿಸಿದ ಮೇಲೆ ಚಂದನ ಮರಳಿ ಬಂತು. ಟ್ಯೂನರಿಗೆ ಕೆಲಸವಿರಲಿಲ್ಲ; ರಿಮೋಟು ಅವ್ವನ ಕೈಯಲ್ಲಿತ್ತು.