ಮನೆದೇವರು ಒಂದು, ಬಾಗಿಲು ಹತ್ತು

ಹೊನ್ನಾಳಿ ಬಸ್ ನಿಲ್ದಾಣದಲ್ಲಿ ಪಕ್ಕ ಬಂದು ಕೂತ ಯಜಮಾನರು ಮೂರೇ ಪ್ರಶ್ನೆಗಳಲ್ಲಿ ನಿಮ್ಮ ಜಾತಕ ಬರೆದು ಮುಗಿಸುತ್ತಾರೆ. ಯಾವೂರು? ಯಾರ ಪೈಕಿ? ಮನೆದೇವ್ರು ಯಾವ್ದು? ಮೊದಲೆರಡಕ್ಕೆ ಏನೋ ಹೇಳಿ ಜಾರಿಕೊಳ್ಳಬಹುದು, ಮೂರನೆಯದಕ್ಕೆ ಆಗುವುದಿಲ್ಲ. ಕೊಡದಗುಡ್ಡದ ವೀರಭದ್ರ ಎಂದಿರೋ, ನಿಮ್ಮ ಬೇರು ಜಗಳೂರು ಸೀಮೆಯದು. ಅಮ್ಮನಗುಡ್ಡದ ಕುಕ್ಕುವಾಡೇಶ್ವರಿ ಎಂದರೆ ಚನ್ನಗಿರಿ ಕಡೆಯವರು. ತಿರುಪತಿ ತಿಮ್ಮಪ್ಪ ಎಂದರೆ ಮಾತ್ರ ಯಜಮಾನರಿಗೆ ತೃಪ್ತಿಯಿಲ್ಲ. "ಅವ್ನು ಎಲ್ರಿಗೂ ಇದ್ದದ್ದೇ ಬಿಡಪ್ಪಾ, ನಿಮ್ದು ಯಾವ್ದು ಹೇಳು" ಎಂದು ಮತ್ತೆ ಬುಡಕ್ಕೇ ಬರುತ್ತಾರೆ.

ಅಮೆರಿಕದ ಸಣ್ಣ ಊರೊಂದರಲ್ಲಿ ಮನೆ ಮಾಡಿರುವ ನನ್ನ ಅಕ್ಕನ ಮಗನಿಗೂ ಪಕ್ಕದ ಮನೆಯವರು ಹೀಗೇ ಕೇಳಿದರಂತೆ: ನೀವು ಯಾವ ಚರ್ಚಿಗೆ ಹೋಗುತ್ತೀರಿ? ಅವನ ಊರಿನ ಒಂದೇ ಬೀದಿಯಲ್ಲಿ ಬ್ಯಾಪ್ಟಿಸ್ಟರದೊಂದು, ಮೆಥಡಿಸ್ಟರದೊಂದು, ಲೂಥರನ್ನರದೊಂದು ಚರ್ಚು. ಎಲ್ಲರೂ ಏಸುವಿನ ಒಕ್ಕಲೇ ಆದರೂ ಒಬ್ಬೊಬ್ಬರ ಹೆಸರು ಒಂದೊಂದು ಚರ್ಚಿನ ಪುಸ್ತಕದಲ್ಲಿ. "ನಮ್ಮ ಕಡೆ ಹಂಗೆ ಪುಸ್ತಕ ಇಟ್ರೆ ಹೆಂಗೆ ಮಾಮಾ?" ಎಂದು ಫೋನಿನಲ್ಲಿ ನಕ್ಕ. ಹಾಗೇನಾದರೂ ಇಟ್ಟಿದ್ದರೆ ನ್ಯಾಮತಿಯ ನಮ್ಮಜ್ಜಿಯ ಹೆಸರು ಎಲ್ಲ ಪುಸ್ತಕದಲ್ಲೂ ಇರುತ್ತಿತ್ತು.

ಅಜ್ಜಿಯ ಟ್ರಂಕಿನಲ್ಲಿ ಅರಿಸಿನ ಬಟ್ಟೆಯ ಮುಡಿಪಿನ ಗಂಟುಗಳು ಸಾಲಾಗಿ ಕೂತಿರುತ್ತಿದ್ದವು. ಯಾವ ಗಂಟು ಯಾವ ದೇವರದ್ದು ಎಂಬ ಲೆಕ್ಕ ಅವಳಿಗೊಬ್ಬಳಿಗೇ ಗೊತ್ತು. ಕೈಸಾಲ ಬೇಕಾದಾಗ ಒಂದು ದೇವರ ಗಂಟಿನಿಂದ ತೆಗೆದು ಇನ್ನೊಂದು ದೇವರ ಖರ್ಚಿಗೆ ಹಾಕುತ್ತಿದ್ದಳು. "ಅವ್ರವ್ರು ಬಗೆಹರಿಸ್ಕಂತಾರೆ ಬಿಡು" ಎನ್ನುತ್ತಿದ್ದಳು. ಶ್ರಾವಣ ಬಂತೆಂದರೆ ಬೆಳಗುತ್ತಿ ಹತ್ತಿರದ ತೀರ್ಥರಾಮೇಶ್ವರ. ಬೇಸಿಗೆಯಲ್ಲೂ ಅಲ್ಲಿ ಬತ್ತದೆ ಬೀಳುವ ನೀರನ್ನು ತಂಬಿಗೆಯಲ್ಲಿ ಹಿಡಿದು ತರಬೇಕು. ಗುರುವಾರವಾದರೆ ಹೊನ್ನಾಳಿ. ತುಂಗಭದ್ರೆಯ ದಂಡೆಯ ರಾಯರ ಮಠವನ್ನು ಎರಡನೆಯ ಮಂತ್ರಾಲಯ ಎನ್ನುತ್ತಾರೆ. ಅಲ್ಲಿಗೆ ಹೋದವಳು ಹಿರೇಕಲ್ಮಠಕ್ಕೂ ಹೋಗಿ ಅಡ್ಡಬೀಳದೆ ಬಸ್ ಹತ್ತಿದ್ದಿಲ್ಲ. ಮನೆಯಲ್ಲಿ ಯಾರಾದರೂ ಬೆದರಿದರೆ, ಗಾಳಿ ಸೋಂಕಿತೆಂದು ಅನುಮಾನ ಬಂದರೆ, ಅಮಾವಾಸ್ಯೆಗೆ ಉಕ್ಕಡಗಾತ್ರಿಯ ಅಜ್ಜಯ್ಯನ ಗದ್ದುಗೆ. ಮಗುವಿನ ಜ್ವರ ಇಳಿಯದಿದ್ದರೆ ದರ್ಗಾದ ತಾಯಿತ. ಮೊಹರಂನಲ್ಲಿ ಪಂಜಾ ಕೂತಾಗ ಸಕ್ಕರೆ ಓದಿಸಿಕೊಂಡು ಬರುವುದು ಅವಳ ಪಾಲಿಗೆ ಯುಗಾದಿಯ ಬೇವಿನಷ್ಟೇ ಖಾಯಂ.

ಚರ್ಚನ್ನೂ ಬಿಟ್ಟವಳಲ್ಲ. ನಮ್ಮ ಸೀಮೆಗೆ ದೊಡ್ಡ ಚರ್ಚೆಂದರೆ ಹರಿಹರದ ಆರೋಗ್ಯಮಾತೆಯದು. ಹೊಯ್ಸಳರ ಕಾಲದ ಹರಿಹರೇಶ್ವರ ಇರುವ ಊರಲ್ಲೇ ಅವಳೂ ನೆಲೆಸಿದ್ದಾಳೆ. ಅರ್ಧ ಹರಿ, ಅರ್ಧ ಹರ ಒಂದೇ ಮೈಯಲ್ಲಿ ಹೊಂದಿಕೊಂಡಿರುವಾಗ ಇನ್ನೊಬ್ಬ ತಾಯಿಗೆ ಜಾಗ ಸಾಲದೆಂದು ಯಾರೂ ಅನ್ನಲಿಲ್ಲ. 1988ರಲ್ಲಿ ಆದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದ ಈ ಚರ್ಚಿಗೆ 2019ರಲ್ಲಿ ಬೆಸಿಲಿಕಾ ಪದವಿ ಬಂತು. ಸೆಪ್ಟೆಂಬರ್ 8ರ ಹಬ್ಬಕ್ಕೆ ಸೇರುವವರಲ್ಲಿ ಕುಂಕುಮದ ಹಣೆಗಳೂ ವಿಭೂತಿಯ ಹಣೆಗಳೂ ಬೇಕಾದಷ್ಟು. ನಮ್ಮತ್ತೆಯ ಬಾಣಂತನ ಸುಸೂತ್ರವಾಗಲೆಂದು ಹೊತ್ತ ಹರಕೆ ತೀರಿಸಲು ಅಜ್ಜಿ ಅಲ್ಲಿಗೆ ಹೋದಾಗ ನಾನೂ ಜೊತೆಗಿದ್ದೆ. ಮೇಣದಬತ್ತಿ ಹಚ್ಚಿದವಳು ಅಭ್ಯಾಸಬಲದಿಂದ ಮಾತೆಗೆ ಪ್ರದಕ್ಷಿಣೆ ಹಾಕಲು ಹೊರಟಳು. ಅಲ್ಲಿದ್ದ ಸಿಸ್ಟರ್ ಒಬ್ಬರು ನಕ್ಕು, ಬೆಂಚು ಸರಿಸಿ ದಾರಿ ಬಿಟ್ಟರು.

ಇದೆಲ್ಲ ಅಜ್ಜಿಯೊಬ್ಬಳ ಔದಾರ್ಯವಲ್ಲ, ಮಣ್ಣಿನ ರೂಢಿ. ಜಗಳೂರನ್ನೇ ನೋಡಿ. ಮಳೆ ಕೈಕೊಟ್ಟೇ ಹೆಸರಾದ ತಾಲ್ಲೂಕು. ಆ ಊರಿನ ಜೆ. ಮಹಮದ್ ಇಮಾಂ ಸಾಹೇಬರು ಚಿತ್ರದುರ್ಗದಿಂದ ಲೋಕಸಭೆಗೆ ಗೆದ್ದು ಹೋದವರು. 1950ರಲ್ಲಿ ಜಗಳೂರಿನಲ್ಲಿ ತರಳಬಾಳು ಹುಣ್ಣಿಮೆ ನಡೆದಾಗ ಮುಂದೆ ನಿಂತು ನಡೆಸಿಕೊಟ್ಟವರಲ್ಲಿ ಅವರೂ ಒಬ್ಬರು. ಲಿಂಗಾಯತ ಮಠದ ಉತ್ಸವಕ್ಕೆ ಸಾಹೇಬರ ಹಿರೇತನ, ಯಾರಿಗೂ ಅದು ವಿಚಿತ್ರವೆನಿಸಲಿಲ್ಲ. 2018ರಲ್ಲಿ ಅದೇ ಹುಣ್ಣಿಮೆ ಮತ್ತೆ ಜಗಳೂರಿಗೆ ಬಂದಾಗ ತುಂಗಭದ್ರೆಯ ನೀರೆತ್ತಿ ಕೆರೆ ತುಂಬಿಸುವ ಮಾತು ಬಲವಾಗಿ ಎದ್ದಿತು. ಅದರ ಬೆನ್ನಿಗೆ ಬಂದದ್ದೇ 57 ಕೆರೆಗಳ ಯೋಜನೆ. ಬರದ ನಾಡಿನಲ್ಲಿ ಜಾತ್ರೆಯ ವೇದಿಕೆಯೂ ಕೊನೆಗೆ ನೀರಿನ ಮಾತಿಗೇ ಬಂದು ನಿಲ್ಲುತ್ತದೆ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಇನ್ನೊಂದು ಬಗೆ. 1739ರ ಫೆಬ್ರವರಿ 15ರಂದು ಸಂತ ಸೇವಾಲಾಲರು ಹುಟ್ಟಿದ ಜಾಗವಿದು. ಜಯಂತಿಗೆ ಮಹಾರಾಷ್ಟ್ರ, ತೆಲಂಗಾಣಗಳಿಂದಲೂ ಬಂಜಾರರು ಬಂದು ಸೇರುತ್ತಾರೆ. ಮಾಲೆ ತೊಟ್ಟವರು ದೂರದ ತಾಂಡಾಗಳಿಂದ ನಡೆದೇ ಬರುತ್ತಾರೆ. ಆ ವಾರ ನಮ್ಮ ಕಡೆಯ ರಸ್ತೆಗಳಲ್ಲಿ ಕನ್ನಡದಷ್ಟೇ ಲಂಬಾಣಿ ಮಾತೂ ಕಿವಿಗೆ ಬೀಳುತ್ತದೆ. ಚನ್ನಗಿರಿ ಕಡೆ ನಡೆದರೆ ಊರಿನ ಹೆಸರೇ ಕೆಳದಿ ಚೆನ್ನಮ್ಮನದು, ಕೋಟೆ ಬೆಟ್ಟದ ಮೇಲೆ ರಂಗನಾಥ. ಸೂಳೆಕೆರೆ ಏರಿಯ ಬಳಿ ಸಿದ್ದೇಶ್ವರ. ಸಂತೇಬೆನ್ನೂರಿನಲ್ಲಿ ಪಾಳೆಯಗಾರ ಹನುಮಪ್ಪ ನಾಯಕನ ಪುಷ್ಕರಣಿಯೂ ಅದರ ಪಕ್ಕದ ಮುಸಾಫಿರಖಾನೆಯೂ ಒಂದನ್ನೊಂದು ನೋಡುತ್ತ ನಿಂತು ಶತಮಾನಗಳಾದವು. ಅವು ಎದುರುಬದುರಾದದ್ದು ಯುದ್ಧದಿಂದ. ಈಗ ನೋಡಲು ಬಂದವರು ಎರಡನ್ನೂ ಸೇರಿಸಿಯೇ ಫೋಟೊ ತೆಗೆಯುತ್ತಾರೆ, ಒಂದನ್ನು ಬಿಟ್ಟರೆ ಚಿತ್ರ ತುಂಬುವುದಿಲ್ಲ.

ಹಾಗೆಂದು ಎಲ್ಲ ಬಾಗಿಲೂ ಎಲ್ಲರಿಗೂ ತೆರೆದಿತ್ತು ಎಂದರೆ ಸುಳ್ಳಾಗುತ್ತದೆ. ಅಜ್ಜಿ ಒಳಗೆ ಹೋಗಿ ಕಾಯಿ ಒಡೆಸುವಾಗ ಕಟ್ಟೆಯ ಕೆಳಗೇ ನಿಂತು ಕೈಮುಗಿದು ಹೋದವರಿದ್ದರು. ಅವರ ಕಾಯಿ ಮಾತ್ರ ಒಳಗೆ ಹೋಗಿ ಹೋಳಾಗಿ ಬರುತ್ತಿತ್ತು. ಗದ್ದುಗೆ, ದರ್ಗಾ, ಚರ್ಚುಗಳತ್ತ ಜನ ಅಷ್ಟೊಂದು ನಡೆದದ್ದಕ್ಕೆ ಅಲ್ಲಿ ಯಾರೂ ಮೂರನೆಯ ಪ್ರಶ್ನೆ ಕೇಳುವುದಿಲ್ಲ ಎಂಬುದೂ ಒಂದು ಕಾರಣ. ಅಜ್ಜಿಗೆ ಇದು ಹೊಳೆದಿತ್ತೋ ಇಲ್ಲವೋ, ನನಗೆ ಹೊಳೆಯಲು ಮೀಸೆ ಬರಬೇಕಾಯಿತು.

ಈಗ ದೇವರುಗಳಿಗೆ ಒಳ್ಳೆಯ ಕಾಲ. ಅಡಿಕೆಗೆ ರೇಟು ಬಂದ ವರ್ಷ ಚನ್ನಗಿರಿ ಕಡೆಯ ಗುಡಿಗಳಿಗೆ ಗೋಪುರ ಏಳುತ್ತವೆ, ನೆಲಕ್ಕೆ ಗ್ರಾನೈಟು, ಗೋಡೆಯ ತುಂಬ ದಾನಿಗಳ ಹೆಸರು. ಮಸೀದಿಗೆ ಹೊಸ ಮಿನಾರು, ಪ್ರಾರ್ಥನಾ ಮಂದಿರಕ್ಕೆ ಹೊಸ ಸ್ಪೀಕರು. ಕಟ್ಟಡ ಎತ್ತರವಾದಂತೆ ಕಾಂಪೌಂಡೂ ಎತ್ತರವಾಗುತ್ತಿದೆ. ಊರಿನ ಹುಡುಗರು ಮೆರವಣಿಗೆಗೆ ತಮ್ಮ ತಮ್ಮ ಬಾವುಟ ಹಿಡಿದು ಹೋಗುತ್ತಾರೆ, ಇನ್ನೊಬ್ಬರ ಮೆರವಣಿಗೆಯ ದಿನ ಮನೆಯಲ್ಲೇ ಇರುತ್ತಾರೆ. ಅಮೆರಿಕದವರ ಸದಸ್ಯತ್ವದ ಪುಸ್ತಕವನ್ನು ಯಾರೂ ತರಿಸಲಿಲ್ಲ, ನಾವೇ ಗೆರೆ ಹೊಡೆದು ಬರೆದುಕೊಳ್ಳುತ್ತಿದ್ದೇವೆ.

ಜಾತ್ರೆ ಕಮಿಟಿಯ ತಮ್ಮಂದಿರಲ್ಲಿ ನನ್ನದೊಂದು ಕೋರಿಕೆ. ಡಿಜೆ ತರಿಸಿ, ಬೇಡವೆಂದರೆ ನೀವು ಕೇಳುವುದಿಲ್ಲ. ಆದರೆ ಡೊಳ್ಳಿನವರನ್ನೂ ಸಮಾಳದವರನ್ನೂ ಕೈಬಿಡಬೇಡಿ, ಕಟ್ಟೆಯ ಕೆಳಗೆ ನಿಂತವರನ್ನು ಒಳಗೆ ಕರೆಯಿರಿ. ನಿಮ್ಮ ತೇರು ಮುಗಿದ ಮೇಲೆ ಪಕ್ಕದ ಬೀದಿಯ ಉರುಸಿಗೂ ಹರಿಹರದ ಮಾತೆಯ ಹಬ್ಬಕ್ಕೂ ಒಮ್ಮೆ ಹೋಗಿಬನ್ನಿ. ಒಂದು ಹಿಡಿ ಸಕ್ಕರೆ, ಒಂದು ಮೇಣದಬತ್ತಿ, ಇಷ್ಟೇ ಖರ್ಚು. ಮನೆದೇವರು ಇದಕ್ಕೆ ಮುನಿಸಿಕೊಂಡದ್ದನ್ನು ನಮ್ಮ ಸೀಮೆಯಲ್ಲಿ ನಾನಂತೂ ಕೇಳಿಲ್ಲ.