ಕೈ ತೊಳೆದು ಬನ್ನಿ

ಹಾಸ್ಟೆಲಿನ ಫ್ರಿಜ್ ತೆಗೆದರೆ ಎಲ್ಲದರ ಮೇಲೂ ಹೆಸರು. ಹಾಲಿನ ಬಾಟಲಿಗೆ, ಅರ್ಧ ಈರುಳ್ಳಿಗೆ, ಒಂದೇ ಒಂದು ಮೊಟ್ಟೆಗೂ ಒಡೆಯನ ಹೆಸರು, ಅವನು ಊರು ಬಿಡುವ ತಾರೀಕು. ಬೆಳಿಗ್ಗೆ ಎದ್ದವನೇ ಇದನ್ನು ನೋಡಿ ಮುದುಡಿಹೋದೆ. ಚಹಾಕ್ಕೆ ಎರಡು ಚಮಚ ಹಾಲು ಬೇಕಾದರೆ ಯಾರನ್ನು ಕೇಳುವುದು? ಆಮೇಲೆ ಸಿಂಕಿನ ಪಕ್ಕದ ಕಪಾಟು ಕಣ್ಣಿಗೆ ಬಿತ್ತು. ಊರು ಬಿಡುವವರು ಬ್ಯಾಗಿಗೆ ಹಿಡಿಸದ್ದನ್ನು ಅಲ್ಲಿಟ್ಟು ಹೋಗುತ್ತಾರೆ, ಬೇಕಾದವರು ತೆಗೆದುಕೊಳ್ಳಬಹುದು. ಪಾಸ್ತಾ, ಉಪ್ಪು, ತಳ ಕಾಣುವ ಎಣ್ಣೆ ಬಾಟಲಿ, ಒಂದಿಷ್ಟು ಅಕ್ಕಿ, ಯಾರೋ ಪುಣ್ಯಾತ್ಮರು ಬಿಟ್ಟ ಅರಿಸಿನದ ಪೊಟ್ಟಣ. ಮಧ್ಯಾಹ್ನಕ್ಕೆ ಚಿತ್ರಾನ್ನವೆಂದು ಅಲ್ಲೇ ತೀರ್ಮಾನವಾಯಿತು.

ಮೆಲ್ಬರ್ನಿಗೆ ಬಂದಿಳಿದ ದಿನ ಅಮ್ಮ ಫೋನಿನಲ್ಲಿ ಮೊದಲು ಕೇಳಿದ್ದು, “ಯಾರ ಮನೇಲಿ ಇಳ್ಕೊಂಡಿದ್ದೀಯೋ?” ಹಾಸ್ಟೆಲು, ಗುರುತು ಪರಿಚಯವಿಲ್ಲದವರೆಲ್ಲ ಒಂದೇ ಕೋಣೆಯಲ್ಲಿ ಮಲಗುತ್ತೇವೆ, ಅಡುಗೆ ನಾವೇ ಮಾಡಿಕೊಳ್ಳಬೇಕು ಎಂದು ವಿವರಿಸಿದೆ. “ಹಂಗಾದ್ರೆ ಛತ್ರ ಅನ್ನು” ಎಂದು ಸಮಾಧಾನಪಟ್ಟರು. ಕೆರೆ ಕಟ್ಟಿಸಿದ್ದು, ಛತ್ರ ಕಟ್ಟಿಸಿದ್ದು, ಅರವಟ್ಟಿಗೆ ಇಡಿಸಿದ್ದು ನಮ್ಮಲ್ಲಿ ಕಲ್ಲಿನ ಮೇಲೆ ಕೆತ್ತಿಸುವಷ್ಟು ದೊಡ್ಡ ಕೆಲಸಗಳು. ಆ ಛತ್ರಗಳಲ್ಲಿ ಪಂಕ್ತಿಭೇದ ನಡೆಯುತ್ತಿತ್ತು ಎಂಬುದೂ ಅಷ್ಟೇ ನಿಜ. ಆದರೂ ದಾರಿಹೋಕನಿಗೆ ಏನು ಸಿಗುತ್ತದೆ ಎಂದು ನೋಡಿಯೇ ನಾನು ಊರಿಗೆ ಬೆಲೆ ಕಟ್ಟುವುದು.

ಇಲ್ಲಿ ನಗರದ ನಡುಭಾಗದಲ್ಲಿ ಟ್ರಾಮು ಪುಕ್ಕಟೆ, 2015ರಿಂದ. ಗಡಿ ಬಂದಾಗ ಒಳಗೇ ಘೋಷಣೆಯಾಗುತ್ತದೆ. ಮುಂದೆ ಹೋಗುವವರು ಟಿಕೆಟ್ಟಿನ ಮೈಕಿ ಕಾರ್ಡು ಮುಟ್ಟಿಸಬೇಕು. ಟ್ರಾಮಿನ ಬಗ್ಗೆ, ಕಾಫಿಯ ಬಗ್ಗೆ, ದಿನಕ್ಕೆ ನಾಲ್ಕು ಋತು ತೋರಿಸುವ ಹವೆಯ ಬಗ್ಗೆ ಬಂದವರೆಲ್ಲ ಬರೆದಿದ್ದಾರೆ. ನನಗೆ ಹೇಳಬೇಕಾಗಿರುವುದು ಸ್ವಾನ್‌ಸ್ಟನ್ ಬೀದಿಯ ಸ್ಟೇಟ್ ಲೈಬ್ರರಿಯ ವಿಷಯ.

ಬೆನ್ನಿಗೆ ಬ್ಯಾಗು ಹಾಕಿಕೊಂಡು ತಿರುಗುವವನಿಗೆ ಹಸಿವಿಗಿಂತ ದೊಡ್ಡ ಕಷ್ಟ ಕೂರುವುದು. ಕುರ್ಚಿ ಕಂಡಲ್ಲೆಲ್ಲ ಏನಾದರೂ ಕೊಳ್ಳಬೇಕು, ಕುಡಿದು ಮುಗಿದ ಲೋಟ ಎದ್ದುಹೋಗು ಎನ್ನುತ್ತದೆ. ಈ ಲೈಬ್ರರಿಯಲ್ಲಿ ನೀನು ಯಾರು ಎಂದು ಯಾರೂ ಕೇಳಲಿಲ್ಲ. ಅದು ಬಾಗಿಲು ತೆರೆದದ್ದು 1856ರಲ್ಲಿ. ಚಿನ್ನದ ಸುದ್ದಿ ಹಬ್ಬಿ ಜಗತ್ತಿನ ಮೂಲೆಮೂಲೆಯಿಂದ ಜನ ಬಂದು ಮಣ್ಣು ಬಗೆಯುತ್ತಿದ್ದ ಕಾಲ. ಒಳಗೆ ಬರಲು ಹದಿನಾಲ್ಕು ವರ್ಷ ದಾಟಿರಬೇಕು, ಕೈ ಶುಭ್ರವಾಗಿರಬೇಕು ಎಂದಷ್ಟೇ ಅಂದಿನ ನಿಯಮ. ಜಾತಿ, ಹಣ, ಶಿಫಾರಸು ಯಾವುದೂ ಬೇಡ. ಕೈ ತೊಳೆದು ಬಂದರೆ ಸಾಕು. ಇಂಥ ನಿಯಮ ಬರೆದವರಿಗೆ ನಾನು ಎದ್ದುನಿಂತು ನಮಸ್ಕರಿಸುತ್ತೇನೆ. ನಮ್ಮೂರಿನ ವಾಚನಾಲಯದಲ್ಲಿ ಒಂದೇ ಪತ್ರಿಕೆಯ ಹಾಳೆಗಳು ನಾಲ್ಕು ಜನರ ಕೈಯಲ್ಲಿರುತ್ತಿದ್ದವು. ಕ್ರೀಡಾಪುಟಕ್ಕೆ ಕಾಯುತ್ತ ಕಾಯುತ್ತ ನಾನು ಸಂಪಾದಕೀಯ ಓದುವುದನ್ನು ಕಲಿತೆ. ಅಲ್ಲಿಗೆ ಮಧ್ಯಾಹ್ನ ಬರೀ ಫ್ಯಾನಿನ ಗಾಳಿಗೆ ಬರುವವರೂ ಇದ್ದರು. ಅವರನ್ನು ಎಬ್ಬಿಸದಿದ್ದ ಗ್ರಂಥಪಾಲಕರು ದೊಡ್ಡವರು.

ಇಲ್ಲಿನ ಎಂಟು ಮೂಲೆಯ ಓದುಕೋಣೆಯ ಮೇಲೆ 1913ರ ಗುಮ್ಮಟವಿದೆ, ಸುಮಾರು 35 ಮೀಟರ್ ಎತ್ತರ. ಗಾಜು ಸೋರುತ್ತದೆಂದು 1959ರಲ್ಲಿ ತಾಮ್ರದ ತಗಡು ಹೊದಿಸಿದರಂತೆ. 2003ರ ಹೊತ್ತಿಗೆ ಅದನ್ನು ತೆಗೆದು ಬೆಳಕನ್ನು ಮತ್ತೆ ಒಳಗೆ ಬಿಟ್ಟರು. ನಾಲ್ಕು ದಶಕ ಜನ ಮಬ್ಬಿನಲ್ಲಿ ಓದಿದ್ದಾರೆ ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಈ ಲೈಬ್ರರಿ ಕಟ್ಟಿಸಲು ಮುಂದೆ ನಿಂತವರು ನ್ಯಾಯಾಧೀಶ ರೆಡ್ಮಂಡ್ ಬ್ಯಾರಿ. ತಮ್ಮ ಮನೆಯ ಪುಸ್ತಕಗಳನ್ನೂ ಕೂಲಿಕಾರರಿಗೆ ಓದಲು ತೆರೆದಿಟ್ಟಿದ್ದ ಮನುಷ್ಯ. ನೆಡ್ ಕೆಲ್ಲಿ ಎಂಬ ದರೋಡೆಕೋರನಿಗೆ 1880ರಲ್ಲಿ ಗಲ್ಲುಶಿಕ್ಷೆ ಕೊಟ್ಟದ್ದೂ ಇವರೇ. ಕೆಲ್ಲಿಯನ್ನು ನೇಣಿಗೇರಿಸಿದ ಹನ್ನೆರಡು ದಿನಕ್ಕೆ ಬ್ಯಾರಿಯೂ ತೀರಿಕೊಂಡರು. ಈಗ ಬ್ಯಾರಿಯ ಪ್ರತಿಮೆ ಲೈಬ್ರರಿಯ ಹೊರಗೆ ಮಳೆಯಲ್ಲಿ ನಿಂತಿದೆ. ಕೆಲ್ಲಿ ತೊಟ್ಟಿದ್ದ ಕಬ್ಬಿಣದ ಕವಚ ಒಳಗೆ ಗಾಜಿನ ಹಿಂದೆ ಬೆಚ್ಚಗಿದೆ, ಜನ ಮುಗಿಬೀಳುವುದು ಅದಕ್ಕೆ. ಗುಂಡಿನ ಪೆಟ್ಟಿಗೆ ತಗ್ಗಾದ ಆ ಕಬ್ಬಿಣವನ್ನು ನಾನೂ ಬಹಳ ಹೊತ್ತು ನೋಡಿದೆ.

ಆದರೆ ದಾರಿಹೋಕನಿಗೆ ಇಲ್ಲಿ ಮೊದಲು ಬಾಗಿಲು ತೆರೆದವರು ಬ್ಯಾರಿಯವರಲ್ಲ. ಈ ನೆಲದ ಕುಲಿನ್ ಜನರಲ್ಲಿ ತಂಡೆರಮ್ ಎಂಬ ಆಚರಣೆಯಿದೆ: ಹೊರಗಿನಿಂದ ಬಂದವರನ್ನು ಸ್ವಾಗತಿಸಿ, ಇರುವಷ್ಟು ದಿನ ನೀರು, ನೆಲ, ಆಹಾರ ಬಳಸಲು ಒಪ್ಪಿಗೆ ಕೊಡುವುದು. 1835ರಲ್ಲಿ ಜಾನ್ ಬ್ಯಾಟ್‌ಮನ್ ಎಂಬಾತ ಕಂಬಳಿ, ಚಾಕು, ಕತ್ತರಿ, ಕನ್ನಡಿ, ಹಿಟ್ಟು ಕೊಟ್ಟು ಅವರ ಹಿರಿಯರಿಂದ ಸುಮಾರು 6 ಲಕ್ಷ ಎಕರೆ ಬರೆಸಿಕೊಂಡ. ಹಿರಿಯರು ಅದನ್ನು ತಂಡೆರಮ್ ಎಂದೇ ತಿಳಿದಿರಬಹುದು ಎನ್ನುವ ಇತಿಹಾಸಕಾರರಿದ್ದಾರೆ. ಅದೇ ವರ್ಷ ಗವರ್ನರ್ ಬರ್ಕ್ ಆ ಪತ್ರವನ್ನು ಅಸಿಂಧು ಮಾಡಿದರು, ನೆಲ ಬ್ರಿಟಿಷ್ ದೊರೆತನದ್ದೆಂದು. ಉಣಲಿಕ್ಕಿದವರ ಮನೆಯನ್ನೇ ಬರೆಸಿಕೊಂಡ ಈ ಕತೆ ಓದಿದ ಮೇಲೆ ಪುಕ್ಕಟೆ ಟ್ರಾಮಿನ ಲೆಕ್ಕ ನನಗೆ ಬೇರೆಯಾಗಿ ಕಾಣುತ್ತಿದೆ.

ಆ ನೆಲದ ಮೇಲೆಯೇ 1837ರಲ್ಲಿ ಸರ್ವೇಯರ್ ರಾಬರ್ಟ್ ಹಾಡಲ್ ಈ ಊರಿನ ಬೀದಿಗಳಿಗೆ ನೇರ ಗೆರೆ ಎಳೆದರು. ಎಲಿಜಬೆತ್ ಬೀದಿಯ ಗೆರೆ ಬಿದ್ದದ್ದು ಒಂದು ತೊರೆಯ ಮೇಲೆ. ಬರ್ಕ್ ಬೀದಿಯಲ್ಲಿ ನಡೆದರೆ ಎರಡೂ ಕಡೆಯ ಇಳಿಜಾರು ಅಲ್ಲಿಗೇ ಬಂದು ಸೇರುವುದು ಕಾಲಿಗೆ ತಿಳಿಯುತ್ತದೆ. 1972ರ ಫೆಬ್ರವರಿಯ ಮಳೆಗೆ ಎಲಿಜಬೆತ್ ಬೀದಿಯೇ ಹೊಳೆಯಾಗಿ ಕಾರುಗಳು ಮುಳುಗಿದ್ದವು. ಕೆರೆಗಳನ್ನು ಮುಚ್ಚಿ ಬಡಾವಣೆ ಮಾಡಿದ ಬೆಂಗಳೂರಿನವನಿಗೆ ಇಂಥ ಬೀದಿ ಕಂಡರೆ ಎಲ್ಲಿಲ್ಲದ ಕುತೂಹಲ. ಚಿತ್ರಾನ್ನ ಆದಮೇಲೆ ಆ ಬೀದಿಯ ಇಳಿಜಾರು ಹಿಡಿದು ಫ್ಲಿಂಡರ್ಸ್ ಬೀದಿಯವರೆಗೆ ಹೋಗಿ, ತೊರೆಯ ನೀರು ಯಾರ್ರಾ ನದಿಗೆ ಯಾವ ಜಾಗದಲ್ಲಿ ಸೇರುತ್ತದೆಂದು ಹುಡುಕಬೇಕು.